ಶಿಸ್ತು ಯಾರಿಗೆ, ಯಾತಕ್ಕೆ?

(ಬೆಂಗಳೂರಿನ ಜಯನಗರದಲ್ಲಿ ಜರಗಿದ ಹೆತ್ತವರ ಸಭೆಯೊಂದರಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಇಂದಿನ ಸಭೆ ಬೆಳಗ್ಗೆ ಹತ್ತು ಗಂಟೆಗೆ ಎಂದು ಆಹ್ವಾನ ಪತ್ರದಲ್ಲಿ ಅಚ್ಚಾಗಿತ್ತು. ನಾನು ಹತ್ತಕ್ಕೆ ಐದು ನಿಮಿಷವಿರುವಾಗ ಬಂದೆ. ಆಗಲೇ ಪರದೆಯ ಆಚೆಗೆ ಸಹೋದರಿಯರು ಬಂದು ಕುಳಿತಿದ್ದರು. ಇಲ್ಯಾಸ್ ನಗರದಿಂದ, ಗುರಪ್ಪನಪಾಳ್ಯದಿಂದ, ತಿಲಕನಗರದಿಂದ ಅಡುಗೆ ಮುಗಿಸಿ, ಮಕ್ಕಳನ್ನು ಎತ್ತಿಕೊಂಡು, ಬಸ್ಸು ಹಿಡಿದು ಬಂದವರು ಅವರು. ಪುರುಷರ ಕಡೆಯ ಕುರ್ಚಿಗಳು ಹತ್ತೂವರೆಯವರೆಗೂ ಖಾಲಿಯಾಗಿದ್ದವು. ಸಭೆ ಆರಂಭವಾದಾಗ ಗಡಿಯಾರ ಹತ್ತು ಐವತ್ತನ್ನು ತೋರಿಸುತ್ತಿತ್ತು. ನನಗೆ ಕೊಟ್ಟಿರುವ ವಿಷಯವೋ ಶಿಸ್ತು!

ಯಾರನ್ನೂ ನಾಚಿಸುವ ಉದ್ದೇಶದಿಂದ ನಾನು ಇದನ್ನು ಹೇಳುತ್ತಿಲ್ಲ. ಆದರೆ ಇಂದಿನ ವಿಷಯದ ತಿರುಳು ಈ ಐವತ್ತು ನಿಮಿಷಗಳಲ್ಲೇ ಅಡಗಿದೆ. ಮನೆಯಲ್ಲಿ ಶಿಸ್ತಿನ ಕುರಿತು ಹೆಚ್ಚು ಮಾತಾಡುವವರು ಯಾರು, ಅದನ್ನು ಹೆಚ್ಚು ಪಾಲಿಸುವವರು ಯಾರು ಎಂಬುದನ್ನು ಈ ಎರಡು ಸಾಲಿನ ಕುರ್ಚಿಗಳೇ ಹೇಳಿಬಿಟ್ಟಿವೆ.

ಒಂದು ಪದ, ಹಲವು ಅರ್ಥ

ಶಿಸ್ತು ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಆದರೆ ಪ್ರತಿ ಸಲವೂ ಒಂದೇ ಅರ್ಥದಲ್ಲಿ ಬಳಸುವುದಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಹುಡುಗನನ್ನು ಕಂಡು ‘ಎಷ್ಟು ಶಿಸ್ತಾಗಿದ್ದಾನೆ’ ಎನ್ನುತ್ತೇವೆ. ಅಲ್ಲಿ ಅದರ ಅರ್ಥ ಅಚ್ಚುಕಟ್ಟು. ಕಚೇರಿಯ ನೌಕರನ ಮೇಲೆ ‘ಶಿಸ್ತು ಕ್ರಮ’ ಜರಗುತ್ತದೆ. ಅಲ್ಲಿ ಅದು ಶಿಕ್ಷೆಗೆ ಇಟ್ಟ ಮರ್ಯಾದೆಯ ಹೆಸರು. ನಾಯಕರ ಮಾತಿಗೆ ಎದುರಾಡದ ರಾಜಕಾರಣಿ ತನ್ನನ್ನು ‘ಪಕ್ಷದ ಶಿಸ್ತಿನ ಸಿಪಾಯಿ’ ಎಂದು ಕರೆದುಕೊಳ್ಳುತ್ತಾನೆ. ಅಲ್ಲಿ ಅದು ವಿಧೇಯತೆ. ವಿಶ್ವವಿದ್ಯಾನಿಲಯಗಳಲ್ಲಿ ‘ಜ್ಞಾನಶಿಸ್ತು’, ‘ಅಂತರ್‌ಶಿಸ್ತೀಯ ಅಧ್ಯಯನ’ ಎನ್ನುತ್ತಾರೆ. ಅಲ್ಲಿ ಅದು ಒಂದು ವಿದ್ಯಾಶಾಖೆ. ಅಚ್ಚುಕಟ್ಟು, ಶಿಕ್ಷೆ, ವಿಧೇಯತೆ, ವಿದ್ಯೆ ಈ ನಾಲ್ಕೂ ಒಂದೇ ಅಲ್ಲ ಎಂಬುದು ಸ್ಪಷ್ಟ. ಹಾಗಿದ್ದರೂ ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಕ್ಕಳ ಮೇಲೆ ಹೇರುವುದು ನಮ್ಮ ಅಭ್ಯಾಸವಾಗಿದೆ.

ನಮ್ಮ ಮನೆಗಳಲ್ಲಿ ಮಾತಾಡುವ ಉರ್ದುವಿನಲ್ಲಿ ಇದಕ್ಕೆ ‘ನಜ್ಮ್ ಒ ಜಬ್ತ್’ ಎನ್ನುತ್ತಾರೆ. ‘ನಜ್ಮ್’ ಎಂದರೆ ಪೋಣಿಸುವುದು, ಕ್ರಮವಾಗಿ ಜೋಡಿಸುವುದು. ಕವಿತೆಗೂ ಇದೇ ಹೆಸರು. ‘ಜಬ್ತ್’ ಎಂದರೆ ತಡೆದು ಹಿಡಿಯುವುದು. ಕನ್ನಡದ ‘ಜಪ್ತಿ’ ಈ ಬಳಗಕ್ಕೆ ಸೇರಿದ ಪದ. ಎಂದರೆ ಜೋಡಣೆ ಮತ್ತು ತಡೆ, ಇವೆರಡೂ ಕೂಡಿದಾಗ ಮಾತ್ರ ಉರ್ದುವಿನಲ್ಲಿ ಶಿಸ್ತು ಪೂರ್ಣವಾಗುತ್ತದೆ. ನಾವಾದರೋ ಜೋಡಣೆಯನ್ನು ಕೈಬಿಟ್ಟು ಜಪ್ತಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಮಗನ ಮೊಬೈಲ್ ಜಪ್ತಿ, ಮಗಳ ಹೊರಸಂಚಾರ ಜಪ್ತಿ! ಅದರ ಬದಲಿಗೆ ಏನನ್ನು ಜೋಡಿಸಿಕೊಟ್ಟಿದ್ದೇವೆ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ.

‘ಶಿಸ್ತ್’ ಎಂಬ ಪದ ಉರ್ದುವಿನಲ್ಲೂ ಇದೆ. ‘ಶಿಸ್ತ್ ಬಾಂಧ್‌ನಾ’ ಎಂದರೆ ಗುರಿ ಹಿಡಿಯುವುದು. ಬಾಣ ಬಿಡುವವನು ಕಣ್ಣು, ಕೈ, ಉಸಿರು ಮೂರನ್ನೂ ಒಂದೆಡೆ ನಿಲ್ಲಿಸುತ್ತಾನಲ್ಲ, ಅದು ಶಿಸ್ತ್. ಗುರಿಯಿಲ್ಲದವನಿಗೆ ಉಸಿರು ಬಿಗಿ ಹಿಡಿಯುವ ಅಗತ್ಯವೇನಿದೆ? ಇಂಗ್ಲಿಷಿನ ‘ಡಿಸಿಪ್ಲಿನ್’ ಕೂಡ ಲ್ಯಾಟಿನ್ ಭಾಷೆಯ ‘ಡಿಸಿಪುಲಸ್’ ಎಂಬುದರಿಂದ ಬಂದಿದೆ. ಅದರ ಅರ್ಥ ಕಲಿಯುವವನು, ಶಿಷ್ಯ. ಮೂಲದಲ್ಲಿ ಆ ಪದ ಕಲಿಕೆಗೆ ಸೇರಿದ್ದು. ದಂಡನೆಯ ಅರ್ಥ ಅದಕ್ಕೆ ಅನಂತರ ಅಂಟಿಕೊಂಡಿತು.

ಶಿವಪ್ಪ ನಾಯಕನ ಶಿಸ್ತು

ಕನ್ನಡ ನಾಡಿನಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ. ಇಂದಿನ ತಲೆಮಾರಿಗೆ ಅದು ಅಷ್ಟಾಗಿ ತಿಳಿದಿಲ್ಲ. ಶಿಸ್ತು ಎಂದರೆ ಭೂಮಿಯ ಕಂದಾಯದ ನಿಗದಿ. ಮಲೆನಾಡಿನಲ್ಲಿ ‘ಶಿವಪ್ಪ ನಾಯಕನ ಶಿಸ್ತು’ ಎಂಬುದು ಇಂದಿಗೂ ಹೆಸರಾದ ಮಾತು. ಹದಿನೇಳನೇ ಶತಮಾನದ ನಡುಭಾಗದಲ್ಲಿ ಬಿದನೂರಿನಿಂದ ಕೆಳದಿಯ ರಾಜ್ಯವನ್ನು ಆಳಿದವನು ಶಿವಪ್ಪ ನಾಯಕ. 1763ರಲ್ಲಿ ಹೈದರ್ ಅಲಿ ಗೆದ್ದು ‘ಹೈದರ್‌ನಗರ’ ಎಂದು ಹೆಸರಿಟ್ಟದ್ದು ಇದೇ ಬಿದನೂರಿಗೆ. ಹೊಸನಗರ ತಾಲೂಕಿನಲ್ಲಿರುವ ಇಂದಿನ ‘ನಗರ’ ಅದುವೇ.

ಕಂದಾಯವನ್ನು ನಿಗದಿಪಡಿಸಲು ಶಿವಪ್ಪ ನಾಯಕನು ಏನು ಮಾಡಿದನೆಂಬುದು ಗಮನಾರ್ಹ. ಅವನು ನೆಲವನ್ನು ಅದರ ಫಲವತ್ತತೆ ಮತ್ತು ನೀರಿನ ಅನುಕೂಲಕ್ಕೆ ತಕ್ಕಂತೆ ಐದು ದರ್ಜೆಗಳಾಗಿ ವಿಂಗಡಿಸಿದನು. ಅನಂತರ ಊರೂರಿನಲ್ಲಿ ಪ್ರತಿ ದರ್ಜೆಯ ಹೊಲವನ್ನು ತನ್ನ ಸ್ವಂತ ಖರ್ಚಿನಲ್ಲಿ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತನೆ ಎಷ್ಟು, ವೆಚ್ಚ ಎಷ್ಟು, ಬೆಳೆ ಎಷ್ಟು, ಅದರ ಬೆಲೆ ಎಷ್ಟು ಎಂದು ಲೆಕ್ಕ ಇರಿಸಿದನೆಂದು ಕಂದಾಯದ ಇತಿಹಾಸ ಬರೆದವರು ಹೇಳಿದ್ದಾರೆ. ಹನ್ನೆರಡು ವರ್ಷದ ಸರಾಸರಿ ಕಂಡುಕೊಂಡ ಮೇಲೆ, ಉತ್ಪನ್ನದ ಮೂರನೇ ಒಂದು ಪಾಲು ಅರಮನೆಗೆ ಎಂದು ಗೊತ್ತುಪಡಿಸಿದನು. ಅದಕ್ಕೂ ಮುನ್ನ 1580ರಲ್ಲಿ ಅಕ್ಬರನ ಮಂತ್ರಿ ತೋಡರಮಲ್ಲನು ಉತ್ತರದಲ್ಲಿ ಹತ್ತು ವರ್ಷದ ಬೆಳೆ ಮತ್ತು ಬೆಲೆಯ ಸರಾಸರಿಯ ಮೇಲೆ ಇದೇ ರೀತಿ ಮೂರನೇ ಒಂದು ಪಾಲನ್ನು ನಿಗದಿಪಡಿಸಿದ್ದನು. ಆ ಪದ್ಧತಿಗೆ ‘ಜಬ್ತ್’ ಎಂದೇ ಹೆಸರು. ಅಲ್ಲಿ ಜಬ್ತ್, ಇಲ್ಲಿ ಶಿಸ್ತು. ಎರಡು ಭಾಷೆಗಳಲ್ಲೂ ಆತ್ಮನಿಯಂತ್ರಣದ ಪದವೇ ಅಳತೆ ಮಾಡಿದ ತೆರಿಗೆಗೂ ಹೆಸರಾಯಿತು!

ಸಹೋದರರೇ, ಇದರಲ್ಲಿ ಹೆತ್ತವರಿಗೆ ಎರಡು ಪಾಠಗಳಿವೆ. ಮೊದಲನೆಯದು, ಇನ್ನೊಬ್ಬನ ಹೊಲದಿಂದ ಎಷ್ಟು ಕೇಳಬಹುದೆಂದು ಹೇಳುವುದಕ್ಕೆ ಮುನ್ನ ಆ ಅರಸನು ತಾನೇ ಬಿತ್ತಿ ನೋಡಿದನು. ಗದ್ದೆ ಏನು ಕೊಡಬಲ್ಲದು ಎಂದು ತಿಳಿಯದೆ ಅವನು ಪಾಲು ಕೇಳಲಿಲ್ಲ; ಎಲ್ಲ ನೆಲಕ್ಕೂ ಒಂದೇ ದರವನ್ನು ಹಾಕಲಿಲ್ಲ. ಎರಡನೆಯದು, ನಿಗದಿಯಾದ ಶಿಸ್ತು ರೈತನನ್ನು ಮಾತ್ರ ಕಟ್ಟಿಹಾಕುವುದಿಲ್ಲ, ಅರಮನೆಯನ್ನೂ ಕಟ್ಟಿಹಾಕುತ್ತದೆ. ಮೂರರಲ್ಲೊಂದು ಎಂದ ಮೇಲೆ ಅಧಿಕಾರಿ ತನ್ನ ಸಿಟ್ಟಿಗೆ ತಕ್ಕಂತೆ ಎರಡು ಪಾಲು ಕೇಳುವಂತಿಲ್ಲ. ಹೇಳುವವನನ್ನು ಕಟ್ಟದೆ ಕೇಳುವವನನ್ನು ಮಾತ್ರ ಕಟ್ಟುವ ನಿಯಮವನ್ನು ಶಿಸ್ತು ಎನ್ನಲಾಗದು. ಅದಕ್ಕೆ ದರ್ಪ ಎಂಬ ಬೇರೆಯೇ ಪದವಿದೆ.

ನನ್ನ ಬೆತ್ತದ ಲೆಕ್ಕ

ಈಗ ನಾನು ನನ್ನ ಲೆಕ್ಕವನ್ನು ಒಪ್ಪಿಸಬೇಕು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ನಗರದ ಪ್ರೌಢಶಾಲೆಯಲ್ಲಿ ಪಾಠ ಹೇಳಿದವನು ನಾನು. ನನ್ನ ತರಗತಿಯಲ್ಲಿ ಸೂಜಿ ಬಿದ್ದರೆ ಕೇಳುತ್ತಿತ್ತು. ಮುಖ್ಯೋಪಾಧ್ಯಾಯರು ಇತರ ಅಧ್ಯಾಪಕರಿಗೆ ನನ್ನನ್ನು ತೋರಿಸಿ ‘ಶಿಸ್ತು ಎಂದರೆ ಇವರ ತರಗತಿ ನೋಡಿ’ ಎನ್ನುತ್ತಿದ್ದರು. ಆ ಮೌನವನ್ನು ನಾನು ಶಿಸ್ತು ಎಂದು ತಿಳಿದಿದ್ದೆ. ಅದು ನನ್ನ ಮೇಜಿನ ಮೇಲಿದ್ದ ಬೆತ್ತದ ಭಯ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ವಾರದಲ್ಲಿ ಮೂರು ದಿನ ಹದಿನೈದು ನಿಮಿಷ ತಡವಾಗಿ ಬರುತ್ತಿದ್ದ. ಪ್ರತಿ ಸಲವೂ ನಾನು ಅವನ ಅಂಗೈಗೆ ಎರಡು ಏಟು ಕೊಟ್ಟು ಬಾಗಿಲ ಬಳಿ ನಿಲ್ಲಿಸುತ್ತಿದ್ದೆ. ಅವನು ಅಳುತ್ತಿರಲಿಲ್ಲ, ಕಾರಣವನ್ನೂ ಹೇಳುತ್ತಿರಲಿಲ್ಲ. ಅದನ್ನು ನಾನು ಉದ್ಧಟತನ ಎಂದು ಭಾವಿಸಿದೆ. ಒಂದು ದಿನ ನಾಲ್ಕು ಏಟು ಕೊಟ್ಟೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ದಿನ ಅವನ ಹೆಸರಿನ ಮುಂದೆ ಗೈರುಹಾಜರಿ ಗುರುತು ಹಾಕಿದೆ. ಅನಂತರ ಆ ಹೆಸರನ್ನು ಹೊಡೆದುಹಾಕಿದೆ. ಅವನ ಮನೆ ಶಾಲೆಯಿಂದ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ನಾನು ನಡೆಯಲಿಲ್ಲ.

ಎಷ್ಟೋ ವರ್ಷಗಳ ಬಳಿಕ ಬಿಟಿಎಂ ಲೇಔಟ್‌ನಲ್ಲಿ ಒಂದು ತರಕಾರಿ ಅಂಗಡಿಯ ಮುಂದೆ ನಿಂತಿದ್ದಾಗ ಅಂಗಡಿಯಾತ ನನ್ನನ್ನು ಗುರುತು ಹಿಡಿದು ಸಲಾಮ್ ಹೇಳಿದ. ಅವನೇ ಆ ಹುಡುಗ. ಅಂದು ಅವನ ತಂದೆ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಿದ್ದರಂತೆ. ವಾರಕ್ಕೆ ಮೂರು ದಿನ ನಸುಕಿನ ನಾಲ್ಕು ಗಂಟೆಗೆ ಎದ್ದು ತಂದೆಯೊಂದಿಗೆ ಸಿಟಿ ಮಾರ್ಕೆಟ್‌ಗೆ ಹೋಗಿ, ಮೂಟೆ ಹೊತ್ತು ತಂದು, ಗಾಡಿ ಜೋಡಿಸಿ, ಅನಂತರ ಅವನು ಶಾಲೆಗೆ ಓಡಿಬರುತ್ತಿದ್ದ. ‘ನನಗೇಕೆ ಹೇಳಲಿಲ್ಲ ಮಗಾ’ ಎಂದು ಕೇಳಿದೆ. ‘ನೀವು ಒಂದು ಸಲವೂ ಕೇಳಲಿಲ್ಲ ಸಾರ್. ಕೇಳಿದ್ದರೆ ಹೇಳುತ್ತಿದ್ದೆ’ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಚೀಲಕ್ಕೆ ಟೊಮೆಟೊ ತುಂಬಿ ದುಡ್ಡು ಬೇಡವೆಂದ. ನಾನು ಒತ್ತಾಯಿಸಿ ಕೊಟ್ಟು ಬಂದೆ.

ಅಂದು ಆ ತರಗತಿಯ ಐವತ್ತು ಮಕ್ಕಳಲ್ಲಿ ಅತ್ಯಂತ ಶಿಸ್ತಿನ ವಿದ್ಯಾರ್ಥಿ ಯಾರಾಗಿದ್ದ? ನಸುಕಿನ ನಾಲ್ಕಕ್ಕೆ ಯಾರ ಭಯವೂ ಇಲ್ಲದೆ ಎದ್ದು ಮನೆಯ ಹೊರೆಯನ್ನು ಹೊತ್ತ ಆ ಹುಡುಗನೇ. ಶಿಸ್ತಿನ ಹೆಸರಿನಲ್ಲಿ ನಾನು ಶಾಲೆಯಿಂದ ಹೊರಗಟ್ಟಿದ್ದು ಅವನನ್ನೇ. ಶಿವಪ್ಪ ನಾಯಕನಂತೆ ನಾನು ಆ ಹೊಲವನ್ನು ಒಂದು ದಿನವೂ ಬಿತ್ತಿ ನೋಡಿರಲಿಲ್ಲ.

ಮಗುವನ್ನು ಉಸ್ತಾದರ ಬಳಿ ಬಿಡುವಾಗ ‘ಚರ್ಮ ನಿಮ್ಮದು, ಮೂಳೆ ನಮ್ಮದು’ ಎಂದು ಹೇಳುವ ವಾಡಿಕೆ ನಮ್ಮಲ್ಲಿ ತಲೆಮಾರುಗಳಿಂದ ಬಂದಿದೆ. ಎಷ್ಟಾದರೂ ಹೊಡೆಯಿರಿ, ಮೂಳೆ ಮುರಿಯದಿದ್ದರೆ ಸಾಕು ಎಂಬುದು ಅದರ ಅರ್ಥ. ಹೀಗೆ ಹೇಳುವವರು, ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಅನಸ್(ರ) ತಾನು ಬಾಲಕನಾಗಿದ್ದ ಕಾಲದ ಕುರಿತು ಕೊಟ್ಟಿರುವ ಸಾಕ್ಷ್ಯವನ್ನು ನೆನಪಿಸಿಕೊಳ್ಳಬೇಕು. ಆ ಹತ್ತು ವರ್ಷಗಳಲ್ಲಿ ಒಮ್ಮೆಯೂ ಅವರು ತನ್ನನ್ನು ಗದರಲಿಲ್ಲ, ಹೀಗೇಕೆ ಮಾಡಿದೆ ಎಂದು ಆಕ್ಷೇಪಿಸಲಿಲ್ಲ ಎಂಬುದೇ ಆ ಸಾಕ್ಷ್ಯ. ದೇಶದ ಕಾನೂನು ಕೂಡ ಈಗ ಇದನ್ನು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಶಾಲೆಯ ಗೋಡೆಯೊಳಗೆ ತಪ್ಪಾದದ್ದು ಮನೆಯ ಗೋಡೆಯೊಳಗೆ ಸರಿಯಾಗುವುದು ಹೇಗೆ?

ಮಗನಿಗೊಂದು, ಮಗಳಿಗೊಂದು

ನಮ್ಮ ಮನೆಗಳಲ್ಲಿ ಶಿಸ್ತಿನ ದರ್ಜೆ ಬೇರೊಂದು ರೀತಿಯದು. ಅದು ಮಗುವಿನ ಶಕ್ತಿಯನ್ನು ನೋಡುವುದಿಲ್ಲ. ಹೆಣ್ಣೋ ಗಂಡೋ ಎಂದು ನೋಡುತ್ತದೆ. ಮಗಳು ಮಗ್ರಿಬ್‌ಗೆ ಹತ್ತು ನಿಮಿಷ ತಡವಾಗಿ ಬಂದರೆ ವಿಚಾರಣೆ. ಮಗ ರಾತ್ರಿ ಹನ್ನೆರಡಕ್ಕೆ ಬೈಕಿನ ಸೈಲೆನ್ಸರ್ ಅಬ್ಬರಿಸುತ್ತಾ ಬಂದರೂ ತಾಯಿ ಎದ್ದು ಅನ್ನ ಬಿಸಿ ಮಾಡಿಕೊಡುತ್ತಾಳೆ. ಮಗಳು ಹತ್ತನೇ ತರಗತಿಯಲ್ಲಿ ತೊಂಬತ್ತು ಅಂಕ ಪಡೆದರೂ ಕಾಲೇಜಿನ ಮಾತು ಬಂದಾಗ ‘ಕಾಲ ಕೆಟ್ಟಿದೆ’ ಎನ್ನುತ್ತೇವೆ. ಕಾಲವನ್ನು ಕೆಡಿಸುತ್ತಿರುವ ಹುಡುಗರು ಯಾರ ಮನೆಯವರು? ಒಂದಲ್ಲ ಒಂದು ಮನೆಯಲ್ಲಿ ಅವರಿಗೆ ತಂದೆಯಿದ್ದಾನೆ. ಆ ತಂದೆ ಅವರಿಗೆ ಯಾವ ಶಿಸ್ತನ್ನೂ ಕಲಿಸಲಿಲ್ಲ. ಹಾಗಾಗಿ ಅವರ ತಪ್ಪಿನ ದಂಡವನ್ನು ನಮ್ಮ ಹೆಣ್ಣುಮಕ್ಕಳು ತೆರುತ್ತಿದ್ದಾರೆ. ಒಬ್ಬನ ಶಿಸ್ತಿನ ಬಾಕಿಯನ್ನು ಇನ್ನೊಬ್ಬಳಿಂದ ವಸೂಲು ಮಾಡುವುದು ಯಾವ ನ್ಯಾಯ?

ಮೊಬೈಲ್‌ನ ವಿಷಯವೂ ಹಾಗೆಯೇ. ಇಲ್ಲೇ ಸಮೀಪದ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿ ಮೊಬೈಲ್, ಅಂತರ್ಜಾಲಗಳ ಅತಿಬಳಕೆಯಿಂದ ಬಳಲುವವರಿಗಾಗಿಯೇ ಒಂದು ಚಿಕಿತ್ಸಾಲಯವನ್ನು ಆರಂಭಿಸಿತು. ‘ಶಟ್ ಕ್ಲಿನಿಕ್’ ಎಂದು ಅದರ ಹೆಸರು. ದೇಶದಲ್ಲೇ ಹೆಸರಾದ ಮಾನಸಿಕ ಆರೋಗ್ಯ ಸಂಸ್ಥೆಯೊಂದು ಇದಕ್ಕೆ ಪ್ರತ್ಯೇಕ ಬಾಗಿಲು ತೆರೆಯಬೇಕಾಯಿತೆಂದರೆ ಸಮಸ್ಯೆ ಎಷ್ಟು ಗಂಭೀರವೆಂದು ಊಹಿಸಬಹುದು. ಆದರೆ ದಸ್ತರ್‌ಖಾನ್‌ನ ಮುಂದೆ ಎಡಗೈಯಲ್ಲಿ ಫೋನು ಹಿಡಿದು ಉಣ್ಣುವ ತಂದೆಯು ಮಗನ ಫೋನನ್ನು ಕಸಿದುಕೊಂಡರೆ ಮಗ ಕಲಿಯುವ ಪಾಠ ಒಂದೇ: ದೊಡ್ಡವನಾದ ಮೇಲೆ ಕಸಿದುಕೊಳ್ಳುವವರು ಇರುವುದಿಲ್ಲ.

ಬೀದಿಯಲ್ಲಿ ನಮ್ಮ ಶಿಸ್ತು

ಮನೆಯಿಂದ ಹೊರಗೆ ಬರೋಣ. ಸಿಲ್ಕ್‌ಬೋರ್ಡ್ ಜಂಕ್ಷನ್ನಿನ ಹೆಸರು ಕೇಳಿದರೆ ಈ ಭಾಗದವರು ನಿಟ್ಟುಸಿರು ಬಿಡುತ್ತಾರೆ. ಅದಕ್ಕಾಗಿ 2024ರ ಜುಲೈಯಲ್ಲಿ ರಾಗಿಗುಡ್ಡದಿಂದ ಎರಡಂತಸ್ತಿನ ಮೇಲ್ಸೇತುವೆ ತೆರೆಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೋ ಓಡತೊಡಗಿತು. ಸರಕಾರ ಸೇತುವೆ ಕಟ್ಟಬಹುದು, ರಸ್ತೆಯ ಮೇಲೆ ಬಿಳಿ ಗೆರೆ ಎಳೆಯಬಹುದು. ಆದರೆ ಆ ಗೆರೆಯೊಳಗೆ ವಾಹನ ಓಡಿಸುವ ಮನಸ್ಸನ್ನು ಅದು ಕಟ್ಟಲಾರದು. ಪೊಲೀಸನಿದ್ದರೆ ಸಿಗ್ನಲ್‌ನಲ್ಲಿ ನಿಲ್ಲುವುದು, ಇಲ್ಲದಿದ್ದರೆ ನುಗ್ಗುವುದು! ಭಯದಿಂದ ಹುಟ್ಟಿದ ಶಿಸ್ತಿನ ಆಯುಷ್ಯ ಭಯ ಇರುವವರೆಗೆ ಮಾತ್ರ.

ಈ ದೂರು ಎಲ್ಲರ ಮೇಲೂ ಇದೆ. ಆದರೆ ನಾವು ನಮ್ಮ ಪಾಲನ್ನು ನೋಡಿಕೊಳ್ಳೋಣ. ಶುಕ್ರವಾರ ಮಧ್ಯಾಹ್ನ ಮಸೀದಿಯ ಒಳಗೆ ನಮ್ಮ ಸಾಲುಗಳು ಗೆರೆ ಹೊಡೆದಂತೆ ನೇರವಾಗಿರುತ್ತವೆ. ಹೊರಗೆ ನಮ್ಮ ಸ್ಕೂಟರ್‌ಗಳು ಹೇಗಿರುತ್ತವೆ? ನೆರೆಮನೆಯ ಗೇಟಿಗೆ ಅಡ್ಡವಾಗಿ ನಿಲ್ಲಿಸಿ ಒಳಗೆ ಹೋಗಿರುತ್ತೇವೆ. ಆ ಮನೆಯಲ್ಲಿ ಒಬ್ಬ ಹೃದ್ರೋಗಿ ಇದ್ದರೆ, ಅವರನ್ನು ಆಗ ಜಯದೇವಕ್ಕೆ ಸಾಗಿಸಬೇಕಾಗಿ ಬಂದರೆ, ಆ ಮನೆಯವರು ನಮ್ಮ ನಮಾಝಿನ ಕುರಿತು ಏನೆಂದು ತಿಳಿಯುವರು? ಮದುವೆಯ ಕಾರ್ಡಿನಲ್ಲಿ ರಾತ್ರಿ ಎಂಟು ಎಂದು ಅಚ್ಚು ಹಾಕಿಸಿ ಹನ್ನೊಂದಕ್ಕೆ ಊಟ ಬಡಿಸುತ್ತೇವೆ. ಮರುದಿನ ಶಾಲೆಯಿರುವ ಮಕ್ಕಳು ಕುರ್ಚಿಯ ಮೇಲೆ ನಿದ್ದೆ ಹೋಗಿರುತ್ತಾರೆ. ಸಾಲಿನ ಶಿಸ್ತು ಮಸೀದಿಯ ಬಾಗಿಲಲ್ಲಿ ಚಪ್ಪಲಿಯೊಂದಿಗೆ ಉಳಿದುಬಿಟ್ಟರೆ ಅದು ನಮ್ಮ ಸ್ವಭಾವವಾಯಿತೆಂದು ಹೇಗೆ ಹೇಳುವುದು?

ಆಳುವವರ ಬಾಯಲ್ಲಿ ಶಿಸ್ತು

ನಮ್ಮ ತಪ್ಪನ್ನು ಒಪ್ಪಿಕೊಂಡ ಮೇಲೆ ಆಳುವವರ ಬಾಯಲ್ಲಿ ಈ ಪದ ಏನಾಗುತ್ತದೆ ಎಂದು ಕೇಳುವ ಹಕ್ಕು ನಮಗಿದೆ. 1975ರ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಅದನ್ನು ‘ಅನುಶಾಸನ ಪರ್ವ’ ಎಂದು ಕರೆದು, ಆ ಮಾತು ವಿನೋಬಾ ಭಾವೆಯವರದೆಂದು ಪ್ರಚಾರ ಮಾಡಲಾಯಿತು. ಆಚಾರ್ಯರದು ಅನುಶಾಸನ, ಸರಕಾರದ್ದು ಶಾಸನ, ಇವೆರಡೂ ಬೇರೆ ಎಂಬ ವಿವರಣೆಯನ್ನು ವಿನೋಬಾ ಅನಂತರ ಕೊಟ್ಟರು. ಆದರೆ ಆ ಸೂಕ್ಷ್ಮ ವ್ಯತ್ಯಾಸ ಆಳುವವರಿಗೆ ಬೇಕಾಗಿರಲಿಲ್ಲ. ರೈಲುಗಳು ಹೊತ್ತಿಗೆ ಸರಿಯಾಗಿ ಬರುತ್ತಿವೆ, ನೌಕರರು ಹೊತ್ತಿಗೆ ಸರಿಯಾಗಿ ಕಚೇರಿಗೆ ಹೋಗುತ್ತಿದ್ದಾರೆ ಎಂದು ಜನ ಮೆಚ್ಚಿಕೊಳ್ಳುತ್ತಿದ್ದಾಗ, ಇದೇ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಿರೋಧ ಪಕ್ಷಗಳ ನಾಯಕರು ವಿಚಾರಣೆಯಿಲ್ಲದೆ ಬಂಧನದಲ್ಲಿದ್ದರು. ಆಸ್ತಮಾದಿಂದ ಬಳಲುತ್ತಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನು ತಿಂಗಳುಗಟ್ಟಲೆ ಅಲ್ಲಿಯೇ ಇರಿಸಲಾಗಿತ್ತು. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಆ ಸೆರೆಮನೆಯ ಜಾಗವೇ ಇಂದಿನ ಸ್ವಾತಂತ್ರ್ಯ ಉದ್ಯಾನ. ಎಲ್ಲರೂ ಬಾಯಿ ಮುಚ್ಚಿರುವ ದೇಶವೂ ನನ್ನ ಆ ತರಗತಿಯೂ ಒಂದೇ ಬಗೆಯವು. ಸೂಜಿ ಬಿದ್ದರೆ ಕೇಳುತ್ತದೆ, ಹುಡುಗನ ನೋವು ಮಾತ್ರ ಕೇಳುವುದಿಲ್ಲ.

ಇನ್ನು ಶಾಸನಸಭೆಯ ಶಿಸ್ತು. ಪಕ್ಷವು ತನ್ನ ಶಾಸಕರಿಗೆ ಕೊಡುವ ಆದೇಶಕ್ಕೆ ‘ವಿಪ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಅದರ ಅರ್ಥ ಚಾವಟಿ! 1985ರಲ್ಲಿ ಪಕ್ಷಾಂತರ ನಿಷೇಧ ಕಾನೂನು ಬಂತು. ಆದರೂ 2019ರ ಜುಲೈಯಲ್ಲಿ ನಮ್ಮ ರಾಜ್ಯದ 17 ಶಾಸಕರು ಅನರ್ಹಗೊಂಡರು. ಅವರ ಅನರ್ಹತೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮತ್ತೆ ಸ್ಪರ್ಧಿಸಲು ಅವಕಾಶವನ್ನೂ ಕೊಟ್ಟಿತು. ಡಿಸೆಂಬರ್‌ನ ಉಪಚುನಾವಣೆಯಲ್ಲಿ ಸ್ಪರ್ಧಿಸಿದ ಅವರಲ್ಲಿ ಹೆಚ್ಚಿನವರು ಹೊಸ ಪಕ್ಷದಿಂದ ಗೆದ್ದು ಬಂದರು. ಮನಸ್ಸಾಕ್ಷಿ ಇಲ್ಲದ ಕಡೆ ಚಾವಟಿ ಎಷ್ಟು ಉದ್ದವಿದ್ದರೂ ಪ್ರಯೋಜನವಿಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

2022ರಲ್ಲಿ ಈ ಪದವು ನಮ್ಮ ಹೆಣ್ಣುಮಕ್ಕಳ ಕಾಲೇಜಿನ ಗೇಟಿಗೆ ಬಂತು. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ಶಿರವಸ್ತ್ರದ ವಿವಾದದ ಹಿನ್ನೆಲೆಯಲ್ಲಿ ಫೆಬ್ರವರಿ 5ರಂದು ಸರಕಾರ ಸಮವಸ್ತ್ರದ ಆದೇಶ ಹೊರಡಿಸಿತು. ಮಾರ್ಚ್ 15ರಂದು ರಾಜ್ಯ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಶಿಸ್ತು ವಿದ್ಯಾರ್ಥಿಗಳು ಶಾಲೆಯಲ್ಲಿ ಕಲಿಯಬೇಕಾದ ಗುಣ, ನಿಯಮವನ್ನು ಮೀರುವುದು ಅದಕ್ಕೆ ವಿರುದ್ಧ ಎಂಬುದು ನ್ಯಾಯಮೂರ್ತಿ ಹೇಮಂತ್ ಗುಪ್ತಾರವರ ನಿಲುವು. ಶಾಲೆಗೆ ಶಿಸ್ತು ಬೇಕು, ಆದರೆ ಸ್ವಾತಂತ್ರ್ಯ ಮತ್ತು ಘನತೆಯನ್ನು ಬೆಲೆಯಾಗಿ ತೆತ್ತು ಅಲ್ಲ ಎಂಬುದು ನ್ಯಾಯಮೂರ್ತಿ ಸುಧಾಂಶು ಧೂಲಿಯಾರವರ ನಿಲುವು. ನೋಡಿ, ದೇಶದ ಅತ್ಯುನ್ನತ ನ್ಯಾಯಾಲಯದಲ್ಲಿ ಇಬ್ಬರು ವಿದ್ವಾಂಸರು ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಓದಿದರು. ಒಬ್ಬರು ಅದನ್ನು ನಿಯಮದ ಕಡೆಯಿಂದ ನೋಡಿದರು, ಇನ್ನೊಬ್ಬರು ಗೇಟಿನ ಹೊರಗೆ ನಿಂತ ವಿದ್ಯಾರ್ಥಿನಿಯ ಕಡೆಯಿಂದ ನೋಡಿದರು. ಆ ವರ್ಷ ಕೆಲವು ಹುಡುಗಿಯರು ಪರೀಕ್ಷೆ ಬರೆಯದೆ ಮರಳಿದಾಗ ನನಗೆ ಹಾಜರಿ ಪುಸ್ತಕದಲ್ಲಿ ನಾನೇ ಹೊಡೆದುಹಾಕಿದ ಹೆಸರು ನೆನಪಾಯಿತು. ಮಗುವನ್ನು ಶಾಲೆಯ ಹೊರಗೆ ನಿಲ್ಲಿಸಿ ಉಳಿಸಿಕೊಂಡ ಶಿಸ್ತು ಯಾರಿಗೆ ಕಲಿಸುತ್ತದೆ? ಇದೇ ಪ್ರಶ್ನೆಯನ್ನು, ಮಗಳ ಓದನ್ನು ನಾವೇ ನಿಲ್ಲಿಸಿದಾಗ, ನಮ್ಮನ್ನೂ ಕೇಳಿಕೊಳ್ಳಬೇಕು. ಸರಕಾರ ಗೇಟು ಮುಚ್ಚಿದರೆ ಅನ್ಯಾಯ, ತಂದೆ ಗೇಟು ಮುಚ್ಚಿದರೆ ಸಂಸ್ಕಾರ ಎಂಬ ಇಬ್ಬಗೆಯ ನೀತಿ ನಮಗೆ ಶೋಭಿಸದು.

ಪ್ರಶ್ನಿಸುವ ಶಿಸ್ತು

ಕೊನೆಯದಾಗಿ, ನಮ್ಮ ಈ ದಕ್ಷಿಣ ಬೆಂಗಳೂರಿನವರೇ ಆದ ಒಬ್ಬ ಅಧ್ಯಾಪಕರ ಕುರಿತು ಹೇಳಬೇಕು. ಡಾ. ಎಚ್. ನರಸಿಂಹಯ್ಯನವರು 1920ರಲ್ಲಿ ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದರು. ಸ್ವಾತಂತ್ರ್ಯ ಚಳವಳಿಗಾಗಿ ಓದು ಬಿಟ್ಟು ಜೈಲಿಗೆ ಹೋದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ದುಡಿದರು. ಇಷ್ಟಾದರೂ 2005ರಲ್ಲಿ ತೀರಿಕೊಳ್ಳುವವರೆಗೂ ಖಾದಿ ಉಟ್ಟು, ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿ ಸರಳವಾಗಿ ಬಾಳಿದರು. ಸಮಯಪಾಲನೆ, ಸರಳತೆ, ಲೆಕ್ಕದ ಪರಿಶುದ್ಧತೆ ಇವುಗಳಲ್ಲಿ ಅವರು ತಮ್ಮ ಮೇಲೆ ಹಾಕಿಕೊಂಡಷ್ಟು ಕಟ್ಟುಪಾಡನ್ನು ಬೇರೆ ಯಾರ ಮೇಲೂ ಹಾಕಿರಲಾರರು. ಅದೇ ವ್ಯಕ್ತಿ ವಿದ್ಯಾರ್ಥಿಗಳಿಗೆ ಕಲಿಸಿದ ಮುಖ್ಯ ಪಾಠವೆಂದರೆ ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದು ಎಂಬುದು. 1976ರಲ್ಲಿ, ಇಡೀ ದೇಶ ಬಾಯಿ ಮುಚ್ಚಿದ್ದ ಆ ಅನುಶಾಸನ ಪರ್ವದಲ್ಲೇ, ಪವಾಡಗಳನ್ನು ಪರಿಶೀಲಿಸಲು ಅವರು ವಿಶ್ವವಿದ್ಯಾನಿಲಯದಲ್ಲಿ ಸಮಿತಿ ರಚಿಸಿ ಪ್ರಭಾವಿಗಳ ವಿರೋಧವನ್ನು ಎದುರಿಸಿದರು. ನಂಬಿಕೆಯ ವಿಷಯದಲ್ಲಿ ಅವರ ದಾರಿ ಬೇರೆ, ನಮ್ಮ ದಾರಿ ಬೇರೆ ಇರಬಹುದು. ಆದರೆ ತನ್ನ ಮೇಲೆ ಶಿಸ್ತು, ಶಿಷ್ಯನಿಗೆ ಪ್ರಶ್ನೆಯ ಸ್ವಾತಂತ್ರ್ಯ ಎಂಬ ಅವರ ಕ್ರಮವನ್ನು ಕಲಿಯಲು ಅದು ಅಡ್ಡಿಯಲ್ಲ. ವಿದ್ಯೆಗೂ ಶಿಸ್ತಿಗೂ ಒಂದೇ ಪದವಿರುವುದೇಕೆಂದು ಅವರ ಬದುಕನ್ನು ನೋಡಿದವರಿಗೆ ತಿಳಿಯುತ್ತದೆ.

ಪ್ರಶ್ನಿಸಿದರೆ ಶಿಸ್ತು ಕೆಡುತ್ತದೆ ಎನ್ನುವವರು ದಿನಕ್ಕೆ ಐದು ಬಾರಿ ನಾವೇ ನಿಲ್ಲುವ ಸಾಲನ್ನು ನೋಡಲಿ. ಅದಕ್ಕಿಂತ ಬಿಗಿಯಾದ ಸಾಲು ಇನ್ನೆಲ್ಲಿದೆ? ಇಮಾಮರು ಬಾಗಿದರೆ ಎಲ್ಲರೂ ಬಾಗುತ್ತಾರೆ. ಆದರೆ ಇಮಾಮರು ರಕಅತ್ ತಪ್ಪಿದಾಗ ಹಿಂದೆ ನಿಂತವನು ‘ಸುಬ್‌ಹಾನಲ್ಲಾಹ್’ ಎಂದು ಎಚ್ಚರಿಸುತ್ತಾನೆ. ಅವನು ಕೂಲಿಯವನೇ ಆಗಿರಲಿ, ಎಳೆಯ ವಿದ್ಯಾರ್ಥಿಯೇ ಆಗಿರಲಿ, ಇಮಾಮರು ಸರಿಪಡಿಸಿಕೊಳ್ಳುತ್ತಾರೆ. ಸಾಲು ಚದರುವುದಿಲ್ಲ, ತಪ್ಪೂ ಉಳಿಯುವುದಿಲ್ಲ. ತಿದ್ದುವ ಬಾಯಿಗೆ ಜಾಗ ಕೊಟ್ಟೂ ನೇರವಾಗಿ ನಿಲ್ಲುವ ಸಾಲು ಅದು. ನಮ್ಮ ಮನೆಯಲ್ಲಿ ಮಗಳು ‘ಅಬ್ಬಾ, ಇದು ಸರಿಯಲ್ಲ’ ಎಂದರೆ ನಾವು ಸರಿಪಡಿಸಿಕೊಳ್ಳುತ್ತೇವೆಯೇ?

ಇಲ್ಲಿಂದ ಹೋಗುವಾಗ ಮೂರು ಕೆಲಸಗಳನ್ನು ನಿಶ್ಚಯಿಸಿಕೊಂಡು ಹೋಗೋಣ. ಮಕ್ಕಳಿಗೆ ಹಾಕುವ ಯಾವ ನಿಯಮವನ್ನೂ ಮೊದಲು ನಾವು ನಲವತ್ತು ದಿನ ಪಾಲಿಸಿ ನೋಡೋಣ. ಮನೆಯ ನಿಯಮ ಏನೇ ಇರಲಿ, ಮಗನಿಗೂ ಮಗಳಿಗೂ ಒಂದೇ ಇರಲಿ. ತಡವಾಗಿ ಬಂದ ಮಗುವಿಗೆ ಕೈಯೆತ್ತುವ ಮುನ್ನ ‘ಏಕೆ ತಡವಾಯಿತು ಮಗಾ’ ಎಂದು ಕೇಳೋಣ. ಉತ್ತರ ಬರುವವರೆಗೆ ಕಾಯೋಣ. ನಾನು ಕೇಳದೆ ಬಿಟ್ಟ ಆ ಒಂದು ಪ್ರಶ್ನೆಯನ್ನು ನೀವು ಕೇಳಿದರೆ ಇಂದಿನ ಈ ಮಾತುಗಳು ಸಾರ್ಥಕವಾದವು.

ಮಧ್ಯಾಹ್ನದ ಕಾರ್ಯಕ್ರಮ ಎರಡು ಗಂಟೆಗೆ ಎಂದು ಬರೆದಿದೆ. ಎರಡೂ ಕಡೆಯ ಕುರ್ಚಿಗಳು ಎರಡು ಗಂಟೆಗೇ ತುಂಬಿರಲಿ.